ಥ್ಯಾಕರೆ ಸಾಹೇಬನ ಬಿಳಿ ಟೋಪಿ

ನಮ್ಮೂರು ಅರಸೀಕೆರೆ ಅಂದ ಕೂಡ್ಲೇ ಎಲ್ರೂ "ಓ, ರೈಲ್ವೆ ಜಂಕ್ಷನ್ನಾ?" ಅಂತಾರೆ. ಅಲ್ಲ ಸ್ವಾಮಿ, ಅದು ಹಾಸನ ಜಿಲ್ಲೆಯದ್ದು. ನಮ್ದು ಹರಪನಹಳ್ಳಿ ತಾಲ್ಲೂಕಿನ, ಜಂಕ್ಷನ್ ಇಲ್ಲದ ಅರಸೀಕೆರೆ. ಜಂಕ್ಷನ್ ಇಲ್ದಿದ್ರೂ ನಾಟಕಕ್ಕೆ ಬರಗಾಲ ಇರ್ಲಿಲ್ಲ. ಚಿಕ್ಕವನಿದ್ದಾಗ ಕಿತ್ತೂರು ಚೆನ್ನಮ್ಮನ ನಾಟಕ ನೋಡಿದ್ದೆ. ಚೂಪು ತುದಿಯ ಬಿಳಿ ಹೆಲ್ಮೆಟ್ಟು ಹಾಕ್ಕೊಂಡು ಥ್ಯಾಕರೆ ಸಾಹೇಬ ಬಂದ್ರೆ ಸಾಕು, ನಾವೆಲ್ಲ ಶಿಳ್ಳೆ!

ಆಮೇಲೆ ತಿಳೀತು, ಆ ಟೋಪಿ ಅವನದ್ದಲ್ಲ ಅಂತ. ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಅಂಥ ಹೆಲ್ಮೆಟ್ಟು ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1870ರ ದಶಕದಲ್ಲಿ. ಅಷ್ಟಕ್ಕೂ ಅವನು ಸಿಪಾಯಿಯೇ ಅಲ್ಲ, ಕಲೆಕ್ಟರ್.

ಹಾಗಾದ್ರೆ ನಮ್ಮ ಕಡೆ ಆ ಥರದ ಟೋಪಿ ಹಾಕ್ತಿದ್ದವರು ಯಾರು? ಸೈನಿಕರಂತೂ ಸರಿ. ಅವರ ಜೊತೆಗೆ ಇನ್ನೊಂದು ಗುಂಪಿತ್ತು, ವಾಲಂಟಿಯರ್ಸ್. ವಾರವೆಲ್ಲ ನೌಕರಿ, ಬಿಡುವಿದ್ದಾಗ ಕವಾಯತು. ಬೆಂಗಳೂರಿನ ಹಳಬರಿಗೆ ಕಬ್ಬನ್ ರಸ್ತೆಯ ಬಿಆರ್‌ವಿ ಟಾಕೀಸ್ ನೆನಪಿರಬಹುದು. ಬಿಆರ್‌ವಿ ಅಂದ್ರೆ 1868ರಲ್ಲಿ ಶುರುವಾದ ಬ್ಯಾಂಗಲೋರ್ ರೈಫಲ್ ವಾಲಂಟಿಯರ್ಸ್. ನಮ್ಮ ಬಳ್ಳಾರಿ ಸೀಮೆಗೆ ಹತ್ತಿರದ್ದು 1886ರ ಸದರ್ನ್ ಮರಾಠಾ ರೈಲ್ವೆ ವಾಲಂಟಿಯರ್ಸ್. ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ ಎಲ್ಲ ಆ ರೈಲ್ವೆಯ ದಾರಿಯಲ್ಲೇ. ಅದರ ದೊಡ್ಡ ಆಫೀಸು ಧಾರವಾಡದಲ್ಲಿತ್ತು. ಇವತ್ತಿನ ಕರ್ನಾಟಕ ಕಾಲೇಜಿನ ಕಟ್ಟಡವೇ ಅದು!

ಈ ಪದ್ಧತಿ ಇಂಗ್ಲೆಂಡಿನದ್ದು. ಫ್ರಾನ್ಸ್ ದಂಡೆತ್ತಿ ಬರುತ್ತೆ ಅನ್ನೋ ಭಯದಲ್ಲಿ 1859ರಲ್ಲಿ ಅಲ್ಲಿ ವಾಲಂಟಿಯರ್ ದಳಗಳು ಹುಟ್ಟಿದವು. ಮೊದಮೊದಲು ಬಟ್ಟೆ, ಬಂದೂಕು ಎರಡೂ ಸ್ವಂತ ಖರ್ಚು. ಸೈನ್ಯದ ಕೆಂಪು ಕೋಟಿನ ಬದಲು ಬಹಳಷ್ಟು ದಳಗಳು ಬೂದು, ಕಡು ಹಸಿರು ಆರಿಸಿಕೊಂಡವು. ಹಸಿರು ರೈಫಲ್ ಪಡೆಗಳ ಬಣ್ಣ. ಮರೆಯಲ್ಲಿ ನಿಂತು ಗುಂಡು ಹಾರಿಸೋರಿಗೆ ಕೆಂಪು ಯಾಕೆ ಬೇಕು ಹೇಳಿ? ಆದ್ರೆ ಅಡಗೋಕೆ ಅಂತ ಬಂದ ಬಣ್ಣವೇ ಮೆರೆಯೋ ಬಣ್ಣವಾಯ್ತು.

ಇಲ್ಲಿ ಮೆರೆಯೋ ದಿನ ಅಂದ್ರೆ ಮುಖ್ಯವಾಗಿ ಜನವರಿ 1. ವಿಕ್ಟೋರಿಯಾ 1877ರ ಆ ದಿನ ಭಾರತದ ಸಾಮ್ರಾಜ್ಞಿ ಅಂತ ಘೋಷಣೆಯಾಯ್ತಲ್ಲ, ಅದರ ನೆನಪಿಗೆ ಪ್ರತಿ ವರ್ಷ ದಂಡು ಪ್ರದೇಶಗಳಲ್ಲಿ ಪೆರೇಡು. ಗಾರ್ಡು, ಡ್ರೈವರು, ಗುಮಾಸ್ತ ಆಗಿದ್ದವರು ಅವತ್ತು ಸೈನ್ಯದ ಸಾಲಿನಲ್ಲಿ ನಿಲ್ತಿದ್ರು.

ಆದ್ರೆ ಎಲ್ಲ ಗುಮಾಸ್ತರೂ ಅಲ್ಲ. ಈ ದಳಗಳು ಇದ್ದದ್ದು ಯುರೋಪಿಯನ್ನರಿಗೆ, ಆಂಗ್ಲೋ-ಇಂಡಿಯನ್ನರಿಗೆ. ಅದೇ ರೈಲ್ವೆಯಲ್ಲಿ ಹಳಿ ಕಾಯೋ ಗ್ಯಾಂಗ್‌ಮನ್‌ಗೆ ಆ ಸಾಲಿನಲ್ಲಿ ಜಾಗ ಇರ್ಲಿಲ್ಲ. 1857ರ ನಂತರ ಸರ್ಕಾರಕ್ಕೆ ಇದ್ದ ಭಯ ಯಾರ ಮೇಲೆ ಅಂತ ಬೇರೆ ಹೇಳಬೇಕಾ? ನಮ್ಮವರನ್ನೂ ಸೇರಿಸಿಕೊಳ್ಳಿ ಅಂತ 1886ರಲ್ಲೇ, ಅಂದ್ರೆ ರೈಲ್ವೆ ದಳ ಹುಟ್ಟಿದ ವರ್ಷವೇ, ಕಲ್ಕತ್ತಾ ಕಾಂಗ್ರೆಸ್ ಕೇಳಿತ್ತು. ಬಾಗಿಲು ತೆರೆದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಆಗಲೂ ಒಂದೇ ಸಾಲಲ್ಲ. 1920ರಲ್ಲಿ ಅವರಿಗೆ ಆಗ್ಸಿಲಿಯರಿ ಫೋರ್ಸ್, ನಮಗೆ ಟೆರಿಟೋರಿಯಲ್ ಫೋರ್ಸ್.

ತಮಾಷೆ ಏನು ಗೊತ್ತಾ? ಸಾಹೇಬರ ಸೋಲಾ ಟೋಪಿ ಆಗ್ತಿದ್ದದ್ದು ಜೌಗು ನೆಲದಲ್ಲಿ ಬೆಳೆಯೋ ಗಿಡದ ಬೆಂಡಿನಿಂದ. ನಮ್ಮ ಮದುವೆಗಳಲ್ಲಿ ಬಾಸಿಂಗ ಮಾಡೋದೂ ಬೆಂಡಿನಿಂದಲೇ. ಬೆಂಡು ನಮ್ಮ ನೆಲದ್ದು, ಬಿಸಿಲೂ ನಮ್ಮದೇ. ಆ ಟೋಪಿಯ ಗತ್ತು ಮಾತ್ರ ಅವರದ್ದು.

1914ರಲ್ಲಿ ಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿ ಬಣ್ಣದ ಉಡುಪೆಲ್ಲ ಪೆಟ್ಟಿಗೆ ಸೇರಿತು. ಬಹುಪಾಲು ದಳಗಳಿಗೆ ಅದು ಮತ್ತೆ ಹೊರಗೆ ಬರಲೇ ಇಲ್ಲ, ಖಾಕಿಯೇ ಖಾಯಂ. 1947ರಲ್ಲಿ ಇಲ್ಲಿನ ದಳಗಳೂ ಮುಗಿದವು. 1949ರಲ್ಲಿ ನಮ್ಮದೇ ಟೆರಿಟೋರಿಯಲ್ ಆರ್ಮಿ ಬಂತು. ಅದರಲ್ಲಿ ರೈಲ್ವೆ ನೌಕರರ ದಳಗಳೂ ಇದ್ದವು, ಗ್ಯಾಂಗ್‌ಮನ್ ಮಗನೂ ಸೇರಬಹುದಿತ್ತು.

ಮುಂದಿನ ಸಲ ನಾಟಕದಲ್ಲಿ ಥ್ಯಾಕರೆ ಬಂದಾಗ ಟೋಪಿ ತಪ್ಪು ಅಂತ ಗಲಾಟೆ ಮಾಡ್ಬೇಕಾ? ಬೇಡ ಬಿಡಿ. ನಮ್ಮನ್ನು ಸಾಲಿನಿಂದ ಹೊರಗಿಟ್ಟ ಟೋಪಿ ಅದು. ಈಗ ಅದನ್ನು ಹಾಕ್ಕೊಂಡು ಕುಣಿಯೋನು ನಮ್ಮೂರ ಹುಡುಗನೇ. ಶಿಳ್ಳೆ ಹೊಡೆಯೋಕೆ ಅಷ್ಟು ಸಾಲದಾ?