ಗಂಟೆ ಬಾರಿಸಿದ ಗಲ್ಲಾ

ಬೆಂಗಳೂರಿನ ಬಾರೊಂದರ ಗಲ್ಲಾದಲ್ಲಿ ಕೂತು ಲೆಕ್ಕ ಬರೆದವನು ನಾನು. ರಾತ್ರಿ ಶಟರ್ ಎಳೆದ ಮೇಲೆ ಓಪನ್ ಆಗಿದ್ದ ಬಾಟಲಿಗಳನ್ನು ಸಾಲಾಗಿ ಇಟ್ಟು, ಬಿಲ್ ಬುಕ್ಕಿನ ಜೊತೆ ತಾಳೆ ನೋಡುವುದು ನನ್ನ ಕೆಲಸ. 750 ಮಿಲಿಯ ಫುಲ್ ಬಾಟಲಿಯಲ್ಲಿ 30 ಮಿಲಿಯ ಸ್ಮಾಲ್ 25 ಬರಬೇಕು. 23ಕ್ಕೇ ಮುಗಿದರೆ ಮಾಲೀಕರಿಗೆ ನಷ್ಟ. 27 ಆಗಿದ್ದರೆ ಕುಡಿದವನಿಗೆ ಮೋಸ. ನಮ್ಮ ಮಾಲೀಕರು ವಿಚಾರಿಸುತ್ತಿದ್ದುದು ಮೊದಲನೆಯದನ್ನು ಮಾತ್ರ.

ಅದಕ್ಕೇ ನನಗೆ ಕ್ಯಾಷ್ ರಿಜಿಸ್ಟರ್ ಕಂಡುಹಿಡಿದ ಜೇಮ್ಸ್ ರಿಟ್ಟಿಯ ಮೇಲೆ ಅಷ್ಟು ಪ್ರೀತಿ. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಆತ ಹೆಂಡದಂಗಡಿ ಇಟ್ಟಿದ್ದ. ವ್ಯಾಪಾರ ಭರ್ಜರಿ, ದುಡ್ಡು ಮಾತ್ರ ಕೆಲಸದವರ ಜೇಬಿಗೆ ಹೋಗುತ್ತಿತ್ತು. 1878ರಲ್ಲಿ ಯೂರೋಪಿಗೆ ಹೊರಟಾಗ, ಹಡಗಿನ ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಯಂತ್ರವನ್ನು ಕಂಡ. ಸುತ್ತುಗಳನ್ನು ಎಣಿಸಬಹುದಾದರೆ ಮಾರಾಟವನ್ನೇಕೆ ಎಣಿಸಬಾರದು? ಊರಿಗೆ ಮರಳಿ ತನ್ನ ಸೋದರನ ಜೊತೆ ಕೂಡಿ ಯಂತ್ರ ಕಟ್ಟಿದ. 1879ರ ನವೆಂಬರ್ 4ರಂದು ಪೇಟೆಂಟ್ ಸಿಕ್ಕಿತು.

ಮೊದಲ ಯಂತ್ರಕ್ಕೆ ದುಡ್ಡಿಡುವ ಡ್ರಾ ಕೂಡ ಇರಲಿಲ್ಲ. ಗಡಿಯಾರದಂಥ ದೊಡ್ಡ ಮುಖ, ಒಂದು ಮುಳ್ಳು ಡಾಲರಿಗೆ, ಇನ್ನೊಂದು ಸೆಂಟಿಗೆ. ಕೀಲಿ ಒತ್ತಿದರೆ ಮೊತ್ತ ಎದುರಿಗೇ ಕಾಣುತ್ತಿತ್ತು. ಆಮೇಲಿನ ಮಾದರಿಯಲ್ಲಿ ಕಾಗದದ ಸುರುಳಿ ಬಂತು: ಪ್ರತಿ ಮಾರಾಟಕ್ಕೂ ಅದರ ಬೆಲೆಯ ಸಾಲಿನಲ್ಲಿ ಒಂದು ತೂತು. ರಾತ್ರಿ ತೂತುಗಳನ್ನು ಎಣಿಸಿದರೆ ದಿನದ ವ್ಯಾಪಾರ ಕೈಗೆ ಸಿಗುತ್ತಿತ್ತು. ರಿಟ್ಟಿ ಹಕ್ಕನ್ನು ಮಾರಿದ ಮೇಲೆ ಡ್ರಾ ಸೇರಿತು, ಗಂಟೆ ಸೇರಿತು. ಡ್ರಾ ತೆರೆದರೆ ಇಡೀ ಅಂಗಡಿಗೇ ಕೇಳಿಸುತ್ತಿತ್ತು. 1884ರಲ್ಲಿ ಜಾನ್ ಪ್ಯಾಟರ್ಸನ್ ಆ ವ್ಯವಹಾರವನ್ನು ಕೊಂಡು ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಎಂಬ ದೊಡ್ಡ ಕಂಪನಿ ಬೆಳೆಸಿದ. ಯಂತ್ರಕ್ಕೆ ಅಲ್ಲೇ ವಿದ್ಯುತ್ ಮೋಟಾರು ಅಳವಡಿಸಿದ ಚಾರ್ಲ್ಸ್ ಕೆಟ್ಟರಿಂಗ್ ಮುಂದೆ ಕಾರಿಗೆ ಸೆಲ್ಫ್ ಸ್ಟಾರ್ಟರ್ ಮಾಡಿದ. ಹೆಂಡದಂಗಡಿಯ ಕಳ್ಳತನದಿಂದ ಹುಟ್ಟಿದ ವಿದ್ಯೆ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ.

ಆದರೆ ರಿಟ್ಟಿಯ ಯಂತ್ರ ದುಡ್ಡನ್ನು ಎಣಿಸಿತೇ ಹೊರತು ಹೆಂಡವನ್ನಲ್ಲ. ಆ ಕೊರತೆ ತುಂಬಲು ಬಂದವು ಈಗಿನ ಸಾಧನಗಳು: ಅಳತೆಗೆ ಸರಿಯಾಗಿ ತಾನೇ ನಿಲ್ಲುವ ಬಾಟಲಿ ಮೂತಿ, ರೇಡಿಯೊ ಚಿಪ್ ಇರುವ ಮೂತಿ, ಬಿಯರ್ ನಲ್ಲಿಯೊಳಗಿನ ಹರಿವಿನ ಮೀಟರ್. ಸುರಿದ ಪ್ರತಿ ಪೆಗ್ಗೂ ಕಂಪ್ಯೂಟರಿನಲ್ಲಿ ದಾಖಲಾಗಿ ಬಿಲ್ಲಿನ ಜೊತೆ ತಾಳೆಯಾಗುತ್ತದೆ. ನಾನು ಕಣ್ಣಂದಾಜಿನಲ್ಲಿ ಮಾಡಿದ್ದಕ್ಕಿಂತ ಇದು ಸಾವಿರ ಪಾಲು ನಿಖರ. ಆದರೂ ನನಗೊಂದು ತಕರಾರಿದೆ. ರಿಟ್ಟಿಯ ಮುಳ್ಳು ಗಿರಾಕಿಗೂ ಕಾಣುತ್ತಿತ್ತು, ಗಂಟೆ ಅವನಿಗೂ ಕೇಳುತ್ತಿತ್ತು. ಈಗಿನ ಲೆಕ್ಕ ಕಾಣುವುದು ಹಿಂದಿನ ಕೋಣೆಯ ಪರದೆಯಲ್ಲಿ, ಮಾಲೀಕನಿಗೆ ಮಾತ್ರ.

ನಮ್ಮ ಕಡೆಯ ಗಿರಾಕಿ ಅದಕ್ಕೆ ತನ್ನದೇ ದಾರಿ ಕಂಡುಕೊಂಡಿದ್ದಾನೆ. ಸ್ಮಾಲ್, ಲಾರ್ಜ್ ಕೇಳುವ ಬದಲು ಸೀಲ್ ಇರುವ 180 ಮಿಲಿಯ ಕ್ವಾರ್ಟರನ್ನೋ 90 ಮಿಲಿಯ ಟೆಟ್ರಾ ಪ್ಯಾಕನ್ನೋ ಕೇಳಿ, ಟೇಬಲಿನ ಮೇಲೆ ತನ್ನ ಕಣ್ಣೆದುರೇ ಒಡೆಸುತ್ತಾನೆ. ಸಪ್ಲೈಯರ್ ಮೊದಲೇ ಮುಚ್ಚಳ ತಿರುಗಿಸಿ ತಂದರೆ ವಾಪಸ್ ಕಳಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಪರವಾಗಿ ನಾನೇ ಗಲ್ಲಾದಿಂದ ಎದ್ದು ಬೇರೆ ಬಾಟಲಿ ಕೊಡಿಸಿದ್ದೂ ಉಂಟು.