ವಿಜಾಪುರ ಸೀಮೆಯಲ್ಲಿ ಕಾಳಿನ ಹಾದಿ

ವಿಜಾಪುರ ಸೀಮೆಯು ಬರಗಾಲಕ್ಕೆ ಹೆಸರಾದುದೆಂಬುದನ್ನು ಎಲ್ಲರೂ ಬಲ್ಲರು. ಆ ಬರಗಳ ವಿಷಯವಾಗಿ ಬರೆದವರು ಮಳೆಯ ಕೊರತೆಯನ್ನೇ ಮೊದಲು ಹೇಳುವರು. ಅದು ಸಹಜವೇ ಸರಿ. ಆದರೆ ಮಳೆಯು ಬೆಳೆಯನ್ನು ಕೊಡಬಲ್ಲುದು ಅಥವಾ ಕೊಡದಿರಬಲ್ಲುದು, ಅಷ್ಟೇ. ಬೆಳೆದ ಕಾಳನ್ನು ಹಸಿದವನ ಬಾಯಿಯವರೆಗೆ ಮುಟ್ಟಿಸುವುದು ಮನುಷ್ಯರ ಏರ್ಪಾಟಿಗೆ ಸೇರಿದ ಕೆಲಸವು. ಕಾಳು ಎಲ್ಲಿ ಕೂಡಿಡಲ್ಪಟ್ಟಿತ್ತು, ಅದರ ಕೀಲಿಕೈ ಯಾರಲ್ಲಿತ್ತು, ಅದು ಎಷ್ಟು ಹರದಾರಿ ಹಾದು ಬರಬೇಕಾಗಿತ್ತು ಎಂಬುದನ್ನು ವಿಚಾರಿಸದೆ ಈ ಸೀಮೆಯ ಹಸಿವಿನ ಇತಿಹಾಸವು ತಿಳಿಯಲಾರದು. ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದ ಭಕ್ತರಿಗೆ ಈ ವಿಚಾರವು ಪರಕೀಯವಾದುದಲ್ಲ.

ಈ ಜಿಲ್ಲೆಯು 1864ರಲ್ಲಿ ಕಲಾದಗಿ ಜಿಲ್ಲೆಯೆಂಬ ಹೆಸರಿನಿಂದ ಏರ್ಪಟ್ಟಿತು. 1885ರ ಸುಮಾರಿಗೆ ಕಚೇರಿಗಳು ವಿಜಾಪುರಕ್ಕೆ ಹೋದ ಮೇಲೆ ಆ ಊರಿನ ಹೆಸರನ್ನೇ ಪಡೆಯಿತು. 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಗುವವರೆಗೆ ಎರಡೂ ಒಂದೇ ಆಗಿದ್ದವು. ಕೃಷ್ಣಾ, ಭೀಮಾ, ಘಟಪ್ರಭಾ, ಮಲಪ್ರಭಾ ಎಂಬ ದೊಡ್ಡ ನದಿಗಳು ಈ ನಾಡನ್ನು ಹಾಯ್ದು ಹೋಗುವುವು. ಆದರೂ ಅವುಗಳ ನೀರು ಆಳವಾದ ದಂಡೆಗಳ ನಡುವೆಯೇ ಹರಿದು ಹೋಗುತ್ತಿದ್ದುದರಿಂದ ಹೊಲಗಳಿಗೆ ಆಧಾರವು ಮಳೆಯೊಂದೇ ಆಗಿತ್ತು. ಎರೆ ಭೂಮಿಯು ಒಮ್ಮೆ ಚೆನ್ನಾಗಿ ತೊಯ್ದರೆ ಸಾಕು, ಹಿಂಗಾರಿಯ ಬಿಳಿಜೋಳವು ಅದೇ ತಂಪಿನಲ್ಲಿ ಬೆಳೆದು ನಿಲ್ಲುವುದು. ಡೋಣಿಯ ಹೊಳೆ ಹರಿದ ವರ್ಷ ಓಣಿಯೆಲ್ಲ ಜೋಳವೆಂದು ಜನರು ಆಡುವ ಮಾತು ಉತ್ಪ್ರೇಕ್ಷೆಯಲ್ಲ. ಒಂದು ವರ್ಷ ಮಿತಿಮೀರಿ ಬೆಳೆಯುವುದು, ಮುಂದಿನ ಎರಡು ವರ್ಷ ಏನೂ ಬೆಳೆಯದಿರುವುದು, ಇದೇ ಈ ನೆಲದ ಸ್ವಭಾವವು. ಆದುದರಿಂದ ಇಲ್ಲಿ ಬೆಳೆಯುವುದಕ್ಕಿಂತ ಕೂಡಿಡುವುದೇ ಹೆಚ್ಚಿನ ವಿದ್ಯೆಯಾಗಿತ್ತು.

ಆ ವಿದ್ಯೆಗೆ ಹಗೇವು ಸಾಕ್ಷಿಯಾಗಿರುವುದು. ಗಟ್ಟಿಯಾದ ನೆಲದಲ್ಲಿ ಬಾಯಿ ಕಿರಿದಾಗಿಯೂ ಒಡಲು ಅಗಲವಾಗಿಯೂ ಇರುವಂತೆ ತೋಡಿ, ಒಳಗೆಲ್ಲ ಕಣಿಕೆ ಹುಲ್ಲನ್ನು ಹಾಸಿ, ಒಣಗಿದ ಜೋಳವನ್ನು ಸುರುವಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹೀಗೆ ಹೂಳಿದ ಕಾಳು ಹಲವು ವರ್ಷಗಳವರೆಗೆ ಹುಳ ಹತ್ತದೆ ನಿಲ್ಲುತ್ತಿತ್ತು. ತೆಗೆಯುವಾಗ ಕೂಡಲೇ ಒಳಗಿಳಿಯುವಂತಿಲ್ಲ. ಕೆಟ್ಟ ಗಾಳಿಯು ಹೊರಟು ಹೋಗುವಂತೆ ಬಾಯಿ ತೆರೆದಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಹಗೇವಿನ ಜೋಳಕ್ಕೆ ಒಂದು ಬಗೆಯ ಕಮಟು ವಾಸನೆ ಬರುವುದುಂಟು. ಬರಗಾಲದಲ್ಲಿ ಅದನ್ನು ಯಾರೂ ದೋಷವೆಂದು ಎಣಿಸಲಿಲ್ಲ.

ಹೊಲವಿಲ್ಲದವರಿಗೂ ಈ ಕಾಳಿನಲ್ಲಿ ಪಾಲಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರು ಸುಗ್ಗಿಯಲ್ಲಿ ಕಣದಿಂದಲೇ ತಮ್ಮ ಆಯವನ್ನು ಒಯ್ಯುತ್ತಿದ್ದರು. ಜಂಗಮರ ಜೋಳಿಗೆಗೂ ಮಠದ ದಾಸೋಹಕ್ಕೂ ಅಲ್ಲಿಯೇ ಕಾಳು ಸಲ್ಲುತ್ತಿತ್ತು. ಊರಿನಲ್ಲಿಲ್ಲದ ಉಪ್ಪನ್ನು ಲಮಾಣಿಗಳು ಕರಾವಳಿಯಿಂದ ಎತ್ತುಗಳ ಮೇಲೆ ಹೇರಿಕೊಂಡು ಬಂದು, ಬದಲಿಗೆ ಕಾಳನ್ನು ಕೊಂಡು ಹೋಗುತ್ತಿದ್ದರು. ಹಿಂದಿನ ಸೈನ್ಯಗಳೂ ಸಹ ಇವರ ಎತ್ತಿನ ಹಿಂಡುಗಳನ್ನೇ ನಂಬಿ ನಡೆದುವು. ಎತ್ತಿಗೆ ಹದಗೊಳಿಸಿದ ದಾರಿ ಬೇಡ, ಕಾಲುಹಾದಿ ಸಾಕು. ಆದುದರಿಂದ ಬಂಡಿ ಹೋಗದ ಹಳ್ಳಿಗೂ ಉಪ್ಪು ಮುಟ್ಟುತ್ತಿತ್ತು.

ಇಷ್ಟರಿಂದ ಹಿಂದಿನ ಕಾಲವೆಲ್ಲ ಸುಭಿಕ್ಷವಾಗಿತ್ತೆಂದು ಭಾವಿಸಕೂಡದು. ಹಗೇವುಗಳು ತುಂಬಿರುತ್ತಿದ್ದ ಆ ಕಾಲದಲ್ಲಿಯೇ 1791–92ರ ಡೋಗಿ ಬರವು ಬಂದಿತು. ಸತ್ತವರ ತಲೆಬುರುಡೆಗಳು ಬಯಲಿನಲ್ಲಿ ಬಿದ್ದುದರಿಂದಲೇ ಅದಕ್ಕೆ ಆ ಹೆಸರು. ಹಗೇವು ಉಳ್ಳವರದಾಗಿತ್ತು, ಇಲ್ಲದವನ ಪಾಲು ಉಳ್ಳವನ ಮನಸ್ಸನ್ನು ಅವಲಂಬಿಸಿತ್ತು. ಆದರೂ ಕಾಳು ಊರೊಳಗೇ ಇದ್ದಿತು, ಕೇಳುವವನಿಗೆ ಬಾಗಿಲು ಗೊತ್ತಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ಆಂಗ್ಲರ ಆಳಿಕೆಯಲ್ಲಿ ಈ ಏರ್ಪಾಟು ಮೆಲ್ಲಮೆಲ್ಲನೆ ಸಡಿಲಿತು. ಮೋಜಣಿಯಾಗಿ ಕಂದಾಯವು ರೊಕ್ಕದಲ್ಲಿಯೇ ಗೊತ್ತಾದ ಮೇಲೆ, ರೈತನು ಕಂತಿನ ದಿನದೊಳಗೆ ಕಾಳನ್ನು ಮಾರಲೇಬೇಕಾಯಿತು. ಸುಗ್ಗಿಯಲ್ಲಿ ಎಲ್ಲರೂ ಮಾರುವಾಗ ಧಾರಣೆ ಇಳಿಯುವುದು. ಜ್ಯೇಷ್ಠದಲ್ಲಿ ಎಲ್ಲರೂ ಕೊಳ್ಳುವಾಗ ಏರುವುದು. ನಡುವಿನ ಲಾಭವು ಕಿರಾಣಿ ಅಂಗಡಿಯವನದು. ತಾನೇ ಬೆಳೆದ ಜೋಳವನ್ನು ತಾನೇ ಉದ್ರಿಯ ಮೇಲೆ ತರುವ ರೈತನು ಈ ಕಾಲದಿಂದೀಚೆಗೆ ಹೆಚ್ಚು ಕಾಣಿಸಿಕೊಳ್ಳುವನು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ನಡೆದ ಅಂತರ್ಯುದ್ಧದ ದೆಸೆಯಿಂದ ಹತ್ತಿಯ ಬೆಲೆಯು ವಿಪರೀತವಾಗಿ ಏರಿ, ಕನ್ನಡ ನಾಡಿನ ಎರೆ ಹೊಲಗಳಲ್ಲಿ ಹತ್ತಿಯು ಹಬ್ಬಿತು. ಯುದ್ಧ ಮುಗಿದು ಬೆಲೆ ಬಿದ್ದಿತು; ರೊಕ್ಕದ ಹಂಗು ಮಾತ್ರ ಉಳಿಯಿತು. ಅತ್ತ ಹೊಗೆಬಂಡಿಯು 1860ರಲ್ಲಿ ಸೋಲಾಪುರಕ್ಕೂ 1871ರಲ್ಲಿ ರಾಯಚೂರಿಗೂ ಬಂದು ಮುಟ್ಟಿತು. ಕಲಾದಗಿ ಜಿಲ್ಲೆಯು ಅವೆರಡರ ಮಗ್ಗುಲಿಗೆ ಉಳಿದುಕೊಂಡಿತು. ಕಾಳು ಹೊರಗೆ ಹೋಗಲು ಬಂಡಿಗಳು ಸಾಕಾಗಿದ್ದುವು, ಒಳಗೆ ಬರುವ ಪ್ರಸಂಗವನ್ನು ಯಾರೂ ಯೋಚಿಸಿರಲಿಲ್ಲ.

ಆ ಪ್ರಸಂಗವು ಶಾಲಿವಾಹನ ಶಕ 1798ನೆಯ ಧಾತೃ ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಬಂದೊದಗಿತು. ಮುಂಗಾರಿ ಸಾಲದೆ ಹೋಯಿತು, ಹಿಂಗಾರಿ ಬರಲೇ ಇಲ್ಲ. ಉತ್ತರ ಹಿಂದುಸ್ಥಾನದ ಕಾಳು ಹೊಗೆಬಂಡಿಯಲ್ಲಿ ದಕ್ಷಿಣದ ಕಡೆಗೆ ಬರುತ್ತಿದ್ದಿತು. ಆದರೆ ಸೋಲಾಪುರದ ನಿಲ್ದಾಣದಿಂದ ವಿಜಾಪುರಕ್ಕೆ ಸುಮಾರು 60 ಮೈಲು. ಬಾಗಲಕೋಟೆಗೆ ಅದರ ಎರಡರಷ್ಟು. ತುಂಬಿದ ಬಂಡಿಯು ದಿನಕ್ಕೆ ಹನ್ನೆರಡು ಹದಿನೈದು ಮೈಲುಗಳಿಗಿಂತ ಹೆಚ್ಚು ನಡೆಯದು. ನಡುವೆ ಭೀಮೆಯನ್ನು ದಾಟಬೇಕು, ಬಾಗಲಕೋಟೆಗಾದರೆ ಕೃಷ್ಣೆಯನ್ನೂ ದಾಟಬೇಕು. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿರುವಾಗ ಬಂಡಿಯನ್ನು ಎಳೆಯುವವರಾರು? ಎಳೆದ ಎತ್ತಿಗೂ ದಾರಿಯುದ್ದಕ್ಕೂ ಮೇವನ್ನು ಬಂಡಿಯಲ್ಲಿಯೇ ಒಯ್ಯಬೇಕು. ಆಗ ಕಾಳಿಗೆ ಉಳಿಯುವ ಸ್ಥಳವೆಷ್ಟು? ಕಾಳಿಗೂ ಬಾಯಿಗೂ ನಡುವೆ ನಿಂತದ್ದು ಈ ಲೆಕ್ಕವೇ.

ವೈಸರಾಯ ಲಿಟನ್ನರ ಸರಕಾರವು ಕಾಳಿನ ವ್ಯಾಪಾರದಲ್ಲಿ ಕೈಹಾಕಕೂಡದೆಂಬ ತತ್ತ್ವವನ್ನು ಹಿಡಿದಿತ್ತು. ಬೆಲೆ ಏರಿದರೆ ವ್ಯಾಪಾರಿಯು ತಾನಾಗಿ ಕಾಳನ್ನು ತರುವನೆಂಬುದು ಅದರ ನಂಬಿಕೆ. ಕೊಳ್ಳುವವನ ಕೈಯಲ್ಲಿ ಕಾಸಿಲ್ಲದ ಊರಿಗೆ ಯಾವ ವ್ಯಾಪಾರಿಯೂ ಬರಲಾರನೆಂಬುದನ್ನು ಆ ಶಾಸ್ತ್ರವು ಎಣಿಸಲಿಲ್ಲ. 1877ರ ಜನವರಿಯಲ್ಲಿ ಬರಗಾಲದ ತಪಾಸಣೆಗೆ ಕಳುಹಿಸಲ್ಪಟ್ಟ ಸರ್ ರಿಚರ್ಡ್ ಟೆಂಪಲ್ ಎಂಬವನು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ರತ್ತಲು ಕಾಳಿನ ಬೆಲೆ, ಮೇಲೊಂದಿಷ್ಟು ಚಿಲ್ಲರೆ ಎಂದು ಇಳಿಸಿದನು. ಇದೇ ಟೆಂಪಲನು 1873–74ರಲ್ಲಿ ಬಿಹಾರದ ಕ್ಷಾಮದಲ್ಲಿ ಬರ್ಮಾ ದೇಶದ ಅಕ್ಕಿಯನ್ನು ತರಿಸಿ ಜನರನ್ನು ಉಳಿಸಿದ್ದನು. ಹೆಚ್ಚು ಖರ್ಚು ಮಾಡಿದನೆಂಬ ನಿಂದೆಯೇ ಅದಕ್ಕೆ ದೊರೆತ ಫಲವಾಗಿತ್ತು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷನು ಇಷ್ಟರಲ್ಲಿ ದುಡಿಯುವ ದೇಹವು ನಿಲ್ಲಲಾರದೆಂದು ವಿರೋಧಿಸಿದನು; ಪುಣೆಯ ಸಾರ್ವಜನಿಕ ಸಭೆಯು ಸರಕಾರಕ್ಕೆ ಮೇಲಿಂದ ಮೇಲೆ ಬರೆಯಿತು; ಮುಂಬಯಿ ಇಲಾಖೆಯಲ್ಲಿ ಕೂಲಿಗಳು ಗುಂಪುಗುಂಪಾಗಿ ಕೆಲಸವನ್ನು ಬಿಟ್ಟು ನಡೆದರು.

ಮಠಗಳ ದಾಸೋಹವೂ ಈ ದುರ್ಭಿಕ್ಷದ ಮುಂದೆ ಮಿತಿಯುಳ್ಳದ್ದೇ. ಮಠದ ಕಣಜವನ್ನು ತುಂಬುವುದು ಅದೇ ಊರ ಕಣವು. ಕಣವು ಬರಿದಾದರೆ ಕಣಜವು ಕೆಲವು ತಿಂಗಳು ನಡೆದೀತು, ಎರಡು ವರ್ಷ ನಡೆಯಲಾರದು. ಭಕ್ತಿಯ ಕೊರತೆಯಿಂದ ಹೀಗಾಯಿತೆನ್ನುವವರು ಕಾಳಿನ ಲೆಕ್ಕವನ್ನು ಅರಿಯದವರು.

ಜನರು ಮೊಗಲಾಯಿಗೆ, ಘಟ್ಟದ ಕಡೆಗೆ, ಎತ್ತ ಕಾಲು ನಡೆಯಿತೋ ಅತ್ತ ಹೋದರು. 1872ರ ಖಾನೇಸುಮಾರಿಯಲ್ಲಿ ಜಿಲ್ಲೆಯ ಜನಸಂಖ್ಯೆಯು ಸುಮಾರು 8 ಲಕ್ಷ 16 ಸಾವಿರವಿದ್ದುದು, 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಐದು ಜನರಲ್ಲಿ ಒಬ್ಬರಿಗೂ ಹೆಚ್ಚು ಮಂದಿ ಇಲ್ಲವಾದರು. ಸತ್ತವರೆಷ್ಟು, ಮರಳಿ ಬಾರದವರೆಷ್ಟು ಎಂಬುದನ್ನು ಈ ಅಂಕೆಗಳು ಬೇರ್ಪಡಿಸವು.

1880ರ ಕ್ಷಾಮ ಆಯೋಗವು, ಕಾಳಿದ್ದರೂ ಒಯ್ಯುವ ಸಾಧನವಿಲ್ಲದ ಸೀಮೆಗಳಿಗೆ ಹೊಗೆಬಂಡಿಯ ದಾರಿಯಾಗಬೇಕೆಂದು ಹೇಳಿತು. 1882ರಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. 1884ರಲ್ಲಿ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿನವರೆಗೆ ದಾರಿಯಾಯಿತು. ಭೀಮೆಗೂ ಕೃಷ್ಣೆಗೂ ಸೇತುವೆ ಬಿದ್ದುವು. ಇದು ನಿಜವಾದ ಉಪಕಾರವೆಂಬುದನ್ನು ಒಪ್ಪಲೇಬೇಕು. ಆದರೆ ಒಳಗೆ ತರುವ ದಾರಿಯೇ ಹೊರಗೆ ಒಯ್ಯುವ ದಾರಿಯೂ ಆಯಿತು. ನಿಲ್ದಾಣದ ಊರುಗಳಲ್ಲಿ ಅಡತಿ ಅಂಗಡಿಗಳು ಬೆಳೆದುವು, ಚೀಲಗಳು ರಾಶಿಬಿದ್ದುವು, ಹಳ್ಳಿಯ ಹಗೇವುಗಳು ಒಂದೊಂದಾಗಿ ಬರಿದಾದುವು. ಲಮಾಣಿಗಳ ಎತ್ತುಗಳಿಗೂ ಕೆಲಸವಿಲ್ಲದಾಯಿತು. 1899–1900ರ ಬರದಲ್ಲಿ ಕಾಳಿನ ಅಭಾವಕ್ಕಿಂತ ಅದನ್ನು ಕೊಳ್ಳುವ ರೊಕ್ಕದ ಅಭಾವವೇ ಮುಖ್ಯವಾಗಿತ್ತೆಂದು ಸರಕಾರದವರೇ ಕಂಡುಕೊಂಡರು.

ಎರಡನೆಯ ಮಹಾಯುದ್ಧದಲ್ಲಿ ಜಪಾನಿನವರು ಬರ್ಮಾ ದೇಶವನ್ನು ಹಿಡಿದು ಅಲ್ಲಿಯ ಅಕ್ಕಿಯು ನಿಂತ ಸಮಯದಲ್ಲಿಯೇ, 1942–43ರಲ್ಲಿ, ವಿಜಾಪುರ ಜಿಲ್ಲೆಗೆ ಮತ್ತೆ ಬರವು ಬಿದ್ದಿತು. ಆ ಕಾಲದಲ್ಲಿ ಸರಕಾರವು 1877ರ ತತ್ತ್ವವನ್ನು ಬಿಟ್ಟು, ತಾನೇ ಕಾಳನ್ನು ಸಂಗ್ರಹಿಸಿ ಅಳತೆಯಂತೆ ಹಂಚತೊಡಗಿತು. ನ್ಯಾಯಬೆಲೆಯ ಅಂಗಡಿಯ ಮೂಲವು ಇಲ್ಲಿರುವುದು. 1965ರಲ್ಲಿ ಭಾರತದ ಆಹಾರ ನಿಗಮವು ಏರ್ಪಟ್ಟಿತು. ಆ ದಶಕದ ಕೊರತೆಯ ವರ್ಷಗಳಲ್ಲಿ ಅಮೇರಿಕೆಯ ಗೋದಿಯೂ ಮೈಲೊ ಎಂಬ ಕೆಂಪು ಜೋಳವೂ ಹಡಗಿನಲ್ಲಿ ಈ ದೇಶಕ್ಕೆ ಬಂದುವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಿಂದ ಅನ್ನವು ಬೇಡುವ ವಸ್ತುವಾಗಿರದೆ ಹಕ್ಕಿನ ವಸ್ತುವಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಮೊದಲಾದ ಅನ್ನಭಾಗ್ಯ ಯೋಜನೆಯಲ್ಲಿ ಬಡ ಕುಟುಂಬಕ್ಕೆ ತಿಂಗಳಿಗೆ 30 ಕಿಲೋಗ್ರಾಮಿನವರೆಗೆ ಅಕ್ಕಿಯನ್ನು ಕಿಲೋಗ್ರಾಮಿಗೆ ಒಂದು ರೂಪಾಯಿಯಂತೆ ಕೊಡಲಾಯಿತು.

ಧಾತೃ ಸಂವತ್ಸರದಲ್ಲಿ ಸತ್ತವರಿಗೆ ಇಂತಹ ಆಧಾರವು ಸಿಕ್ಕಿದ್ದರೆ ಎಷ್ಟೋ ಮಂದಿ ಬದುಕುತ್ತಿದ್ದರು. ಆದುದರಿಂದ ಇದನ್ನು ಹಗುರಾಗಿ ಕಾಣುವುದು ಸಲ್ಲದು. ಆದರೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಜೋಳದ ರೊಟ್ಟಿಯನ್ನು ಉಂಡು ದುಡಿಯುವ ಸೀಮೆಗೆ ಬಂದದ್ದು ಬಹುಮಟ್ಟಿಗೆ ಅಕ್ಕಿ. ಆಲಮಟ್ಟಿಯ ಅಣೆಕಟ್ಟಿನಿಂದ ನೀರು ಹರಿದ ಹೊಲಗಳಲ್ಲಿ ಕಬ್ಬು ಏರಿ ಜೋಳವು ಹಿಂದೆ ಸರಿಯಿತು. ರೊಟ್ಟಿಗೆ ಬೇಕಾದ ಬಿಳಿಜೋಳವನ್ನು ಕೂಲಿಕಾರನು ಪೇಟೆಯ ಧಾರಣೆಗೇ ಕೊಳ್ಳಬೇಕು. ಎಲ್ಲ ಹಳ್ಳಿಗೂ ನ್ಯಾಯಬೆಲೆಯ ಅಂಗಡಿಯಿಲ್ಲ. ಅಡವಿಯ ವಸತಿಗಳಲ್ಲಿರುವ ಮುದುಕರು ಚೀಲ ಹಿಡಿದು ಮಗ್ಗುಲೂರಿಗೆ ನಡೆದು, ಆ ದಿನ ಬಾಗಿಲು ತೆರೆಯದಿದ್ದರೆ ಮತ್ತೊಂದು ದಿನ ನಡೆಯಬೇಕು. ಅವರು ಹಾಯ್ದು ಹೋಗುವ ಹಳೆಯ ಊರುಗಳ ಅಗಸಿಯ ಬಳಿ, ಕೆಲವೆಡೆ ದಾರಿಯ ನಡುವೆಯೇ, ಮಣ್ಣು ತುಂಬಿ ಮುಚ್ಚಿದ ಹಗೇವಿನ ಬಾಯಿಗಲ್ಲುಗಳು ಈಗಲೂ ಕಾಣಸಿಗುವುವು.