ಒಂದೇ ಬಾಗಿಲಿನ ಪಂದ್ಯಾಟ

ಸಣ್ಣ ಶಾಲೆಯೊಂದು ದೊಡ್ಡ ಶಾಲೆಯನ್ನು ಆಟದಲ್ಲಿ ಮಣಿಸಿದ ಕಥೆ ಇಲ್ಲದ ಊರು ಬಹುಶಃ ಇರಲಾರದು. ಹೇಳುವವರ ಬಾಯಲ್ಲಿ ಅದು ಬೆಳೆಯುತ್ತಾ ಹೋಗಿ ಕೊನೆಗೆ ಪುರಾಣವಾಗುತ್ತದೆ. ಲೆಕ್ಕ, ತಾರೀಖು, ಅಂಕಗಳ ಸಮೇತ ಉಳಿದುಬಂದ ಅಂಥ ಕಥೆಗಳು ಕಡಿಮೆ. ಅವುಗಳಲ್ಲಿ ಒಂದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ನಡೆದದ್ದು ಬಹಳ ದೂರದಲ್ಲಿ. ಅದು ಎಬ್ಬಿಸುವ ಪ್ರಶ್ನೆ ಮಾತ್ರ ನಮ್ಮಂಥ ಅಲ್ಪಸಂಖ್ಯಾತರ ಮನೆಯಂಗಳದ್ದು.

ನಮ್ಮ ಸೋಮನೂರು ವಿದ್ಯುತ್ ಮಗ್ಗಗಳ ಊರು. ಇಲ್ಲಿಯ ದೇವಾಂಗ ಮನೆಗಳಲ್ಲಿ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಚೌಡೇಶ್ವರಿ ಹಬ್ಬದಲ್ಲಿ ಅಲಗು ಹಿಡಿದು ಕುಣಿಯುವಾಗ ಬಾಯಿಗೆ ಬರುವ ಭಾಷೆಯನ್ನು ಬರೆಯಲು ಬಾರದವರೇ ನಮ್ಮಲ್ಲಿ ಹೆಚ್ಚು. ಇಂಥ ಊರಿನವನಿಗೆ ಬಾಸ್ಕೆಟ್‌ಬಾಲಿನ ಗೊಡವೆ ಏಕೆಂದು ಕೇಳಬಹುದು. ಕೊಯಮತ್ತೂರಿನ ಸುತ್ತ ಈ ಆಟ ಪರಕೀಯವೇನಲ್ಲ. ಪೀಳಮೇಡಿನ ಪಿ.ಎಸ್.ಜಿ. ಸಂಸ್ಥೆಗಳು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಅಖಿಲ ಭಾರತ ಪಂದ್ಯಾಟ ನಡೆಸಿಕೊಂಡು ಬಂದಿವೆ. ಆಟ ನಮ್ಮ ಕಡೆಗೆ ಬಂದ ದಾರಿಯೂ ಸ್ಪಷ್ಟವಾಗಿಯೇ ಇದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯ, ಚಳಿಗಾಲದಲ್ಲಿ ಒಳಗೇ ಕೂತು ಬೇಸತ್ತ ಹುಡುಗರಿಗಾಗಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಗೋಡೆಗೆ ಹೊಡೆಸಿ ಈ ಆಟ ಕಟ್ಟಿದ. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದ. ಅಲ್ಲಿ ತರಬೇತಿ ಪಡೆದ ಡ್ರಿಲ್ ಮಾಸ್ತರರು ದಕ್ಷಿಣದ ಶಾಲೆಗಳಿಗೆ ಹಂಚಿಹೋದರು. ಅವರೊಂದಿಗೆ ಚೆಂಡೂ ಹೋಯಿತು.

ಈ ಆಟವನ್ನು ಊರಹಬ್ಬದಂತೆ ಎದೆಗೆ ಹಚ್ಚಿಕೊಂಡದ್ದು ಮಾತ್ರ ಅಮೆರಿಕದ ಮೆಕ್ಕೆಜೋಳದ ಸೀಮೆಯಾದ ಇಂಡಿಯಾನಾ ರಾಜ್ಯ. ಅಲ್ಲಿಯ ಪ್ರೌಢಶಾಲೆಗಳ ಪಂದ್ಯಾಟಕ್ಕೆ ಒಂದು ವಿಶೇಷವಿತ್ತು. ನೂರು ಮಕ್ಕಳ ಶಾಲೆಗೂ ಎರಡು ಸಾವಿರ ಮಕ್ಕಳ ಶಾಲೆಗೂ ಒಂದೇ ಬಾಗಿಲು, ಒಂದೇ ಬಹುಮಾನ. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. 1954ರಲ್ಲಿ ಹೀಗೆ ಇಳಿದ ಶಾಲೆಗಳು 751.

ಅವುಗಳಲ್ಲೊಂದು ಮೈಲನ್ ಪ್ರೌಢಶಾಲೆ. ಇಟಲಿಯ ಮಿಲಾನ್ ನಗರದ ಹೆಸರೇ ಇದು. ಉಚ್ಚಾರ ಮಾತ್ರ ಹಳ್ಳಿಯದು. ಹುಡುಗರು ಹುಡುಗಿಯರು ಸೇರಿ ಶಾಲೆಯಲ್ಲಿದ್ದವರು 161 ಮಂದಿ. ತಂಡದ ಮುಖ್ಯ ಆಟಗಾರ ಬಾಬಿ ಪ್ಲಂಪ್ ಬಂದದ್ದು ಪಿಯರ್ಸ್‌ವಿಲ್ ಎಂಬ, ಐವತ್ತು ಜನವೂ ಇಲ್ಲದ ಹಳ್ಳಿಯಿಂದ. ತರಬೇತುದಾರ ಮಾರ್ವಿನ್ ವುಡ್‌ಗೆ ಇಪ್ಪತ್ತಾರು ವರ್ಷ. ಇವರನ್ನು ಅದೃಷ್ಟದ ಕೂಸುಗಳೆಂದು ಬಗೆಯುವುದು ತಪ್ಪು. ಹಿಂದಿನ ವರ್ಷವೇ ಕೊನೆಯ ನಾಲ್ಕರವರೆಗೆ ಬಂದು ಸೋತಿದ್ದರು. ಎತ್ತರದವರ ಎದುರು ಓಡಿ ಗೆಲ್ಲಲಾಗದೆಂದು ತಿಳಿದಿದ್ದ ವುಡ್, ಚೆಂಡನ್ನು ಬಿಟ್ಟುಕೊಡದೆ ಕಾಯುವ ವಿದ್ಯೆಯನ್ನು ಹುಡುಗರಿಗೆ ಕಲಿಸಿದ್ದ. ನೂಲು ಹರಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕುವವರ ತಾಳ್ಮೆ ಅದು; ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂತಿಮ ಪಂದ್ಯ 1954ರ ಮಾರ್ಚ್ 20ರಂದು, ಇಂಡಿಯಾನಾಪೊಲಿಸ್ ನಗರದ ಬಟ್ಲರ್ ಫೀಲ್ಡ್‌ಹೌಸಿನಲ್ಲಿ. ಎದುರಾಳಿ ಮನ್ಸಿ ಸೆಂಟ್ರಲ್, ಮೈಲನ್ನಿನ ಹತ್ತು ಪಟ್ಟು ಮಕ್ಕಳಿದ್ದ ಶಾಲೆ. ಅದಾಗಲೇ ಹಲವು ಬಾರಿ ರಾಜ್ಯ ಪ್ರಶಸ್ತಿ ಗೆದ್ದದ್ದು. ಅರ್ಧ ಆಟಕ್ಕೆ ಮೈಲನ್ 23, ಮನ್ಸಿ 17. ಮೂರನೆಯ ಕಾಲು ಭಾಗ ಮುಗಿಯುವಾಗ 26ಕ್ಕೆ 26. ಬಳಿಕ ಮನ್ಸಿ ಎರಡು ಅಂಕ ಮುಂದೆ ಹೋಯಿತು. ಆಗ ನಡೆದದ್ದನ್ನು ಇಂದಿಗೂ ಅಲ್ಲಿಯವರು ಅಚ್ಚರಿಯಿಂದ ನೆನೆಯುತ್ತಾರೆ. ಹಿಂದೆ ಬಿದ್ದಿದ್ದರೂ ಪ್ಲಂಪ್ ಚೆಂಡನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತ. ಒಂದೆರಡು ಕ್ಷಣವಲ್ಲ, ನಾಲ್ಕು ನಿಮಿಷ ಹದಿಮೂರು ಸೆಕೆಂಡು! ಪ್ರೇಕ್ಷಕರು ಕೂಗಿದರೂ ಅಲುಗಲಿಲ್ಲ. ಎದುರಾಳಿಯೂ ಮುಂದೆ ಇದ್ದುದರಿಂದ ಮೇಲೆ ಬೀಳಲಿಲ್ಲ. (ಇಷ್ಟು ಹೊತ್ತು ಚೆಂಡು ಹಿಡಿದು ನಿಲ್ಲುವುದನ್ನು ತಡೆಯಲು ವೃತ್ತಿಪರರ ಆಟದಲ್ಲಿ ಇಪ್ಪತ್ತನಾಲ್ಕು ಸೆಕೆಂಡುಗಳ ನಿಯಮ ಬಂದದ್ದೂ ಅದೇ 1954ರಲ್ಲಿ ಎಂಬುದು ಕಾಕತಾಳೀಯ. ಶಾಲೆಗಳಿಗೆ ಆ ಕಟ್ಟು ಇರಲಿಲ್ಲ.) ಕೊನೆಗೆ 30ಕ್ಕೆ 30. ಹದಿನೆಂಟು ಸೆಕೆಂಡು ಉಳಿದಿತ್ತು. ಒಟ್ಟುಗೂಡಿದ ಹುಡುಗರಲ್ಲಿ ಜೀನ್ ವೈಟ್ ಎಂಬವನು ಹೇಳಿದ ಉಪಾಯ ಸರಳ: ನಾವೆಲ್ಲ ಒಂದು ಬದಿಗೆ ಸರಿಯೋಣ, ಪ್ಲಂಪ್‌ನನ್ನು ಒಬ್ಬನೇ ಎದುರಾಳಿಯ ಮುಂದೆ ಬಿಡೋಣ. ಹಾಗೇ ಮಾಡಿದರು. ಮೂರು ಸೆಕೆಂಡು ಇರುವಾಗ ಅವನು ಜಿಗಿದು ಎಸೆದ ಚೆಂಡು ಬಲೆಯೊಳಗೆ ಇಳಿಯಿತು. 32-30. ಮರುದಿನ ಸಾವಿರದ ಚಿಲ್ಲರೆ ಜನರಿದ್ದ ಆ ಊರಿಗೆ ಸುಮಾರು 40,000 ಜನ ಬಂದಿದ್ದರೆಂದು ಅಂದಾಜು.

ಕಥೆ ಇಲ್ಲಿಗೇ ಮುಗಿದರೆ ಸುಖಾಂತ. 1986ರ 'ಹೂಸಿಯರ್ಸ್' ಚಲನಚಿತ್ರ ಈ ಗೆಲುವಿನಿಂದಲೇ ಸ್ಫೂರ್ತಿ ಪಡೆದದ್ದು. ಅದರಲ್ಲಿ ಕಾಣದ ಒಂದು ಶಾಲೆಯ ಬಗ್ಗೆ ನನಗೆ ಹೆಚ್ಚು ಕುತೂಹಲ. ಅದೇ 1954ರಲ್ಲಿ, ಅಂತಿಮಕ್ಕೆ ಮುಂಚಿನ ಒಂದು ಸುತ್ತಿನಲ್ಲಿ, ಮೈಲನ್ ಒಂದು ಶಾಲೆಯನ್ನು 65-52ರಿಂದ ಸೋಲಿಸಿತ್ತು. ಅದು ಇಂಡಿಯಾನಾಪೊಲಿಸ್ಸಿನ ಕ್ರಿಸ್ಪಸ್ ಆಟಕ್ಸ್. ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗಳಿಂದ ಬೇರ್ಪಡಿಸಲೆಂದೇ 1927ರಲ್ಲಿ ತೆರೆದ ಶಾಲೆ. ನಾನು ಮೇಲೆ ಹೊಗಳಿದ 'ಎಲ್ಲರಿಗೂ ಒಂದೇ ಬಾಗಿಲು' ಈ ಮಕ್ಕಳಿಗೆ 1942ರವರೆಗೆ ಮುಚ್ಚಿಯೇ ಇತ್ತು. ಕ್ಯಾಥೊಲಿಕ್ ಶಾಲೆಗಳಿಗೂ ಹಾಗೆಯೇ. ಅವರ ಕಟ್ಟಡದೊಳಗಿನ ಅಂಕಣವೂ ಪಂದ್ಯ ನಡೆಸುವಷ್ಟು ದೊಡ್ಡದಲ್ಲ, ಊರೂರು ತಿರುಗಿ ಆಡಬೇಕಾಗಿತ್ತು.

ಮೈಲನ್ನಿಗೆ ಸೋತ ಆ ತಂಡದಲ್ಲಿ ಆಸ್ಕರ್ ರಾಬರ್ಟ್‌ಸನ್ ಎಂಬ ಹುಡುಗನಿದ್ದ. ಮುಂದಿನ ವರ್ಷ, 1955ರಲ್ಲಿ, ಆಟಕ್ಸ್ ಮತ್ತೆ ಬಂತು. ಮನ್ಸಿ ಸೆಂಟ್ರಲ್‌ನ್ನು 71-70ರಿಂದ, ಒಂದೇ ಅಂಕದಿಂದ, ದಾಟಿತು. ಅಂತಿಮದಲ್ಲಿ ಗ್ಯಾರಿ ರೂಸ್‌ವೆಲ್ಟ್ ಶಾಲೆಯನ್ನು 97-74ರಿಂದ ಗೆದ್ದಿತು. ಎಲ್ಲರೂ ಆಡುವ ರಾಜ್ಯ ಪಂದ್ಯಾಟವನ್ನು ಕಪ್ಪು ಮಕ್ಕಳ ಶಾಲೆ ಗೆದ್ದದ್ದು ಇಡೀ ಅಮೆರಿಕದಲ್ಲಿ ಅದೇ ಮೊದಲು. 1956ರಲ್ಲಿ ಒಂದು ಪಂದ್ಯವನ್ನೂ ಸೋಲದೆ ಮತ್ತೆ ಗೆದ್ದರು. ಆದರೆ 1955ರ ಮೆರವಣಿಗೆ ನಗರದ ನಡುವಿನ ಸ್ಮಾರಕ ವೃತ್ತವನ್ನು ಒಂದು ಸುತ್ತು ಹಾಕಿದ್ದೇ ಸರಿ, ಅಲ್ಲಿ ನಿಂತು ಸಂಭ್ರಮಿಸಲು ಬಿಡದೆ ಕಪ್ಪು ಜನರ ಬಡಾವಣೆಯ ಉದ್ಯಾನಕ್ಕೆ ಸಾಗಿಸಿದರು. ರಾಬರ್ಟ್‌ಸನ್ 1960ರಲ್ಲಿ ರೋಮ್ ಒಲಿಂಪಿಕ್ಸ್ ಚಿನ್ನ ಗೆದ್ದ. ಆ ರಾತ್ರಿಯ ನೋವನ್ನು ಮಾತ್ರ ಮರೆಯಲಿಲ್ಲ.

ಪಂದ್ಯಾಟದ ಮುಂದಿನ ಗತಿಯನ್ನೂ ಹೇಳಬೇಕು. ಸಣ್ಣ ಶಾಲೆಗಳು ಒಂದೊಂದಾಗಿ ದೊಡ್ಡವುಗಳಲ್ಲಿ ಲೀನವಾದವು. ಉಳಿದ ಸಣ್ಣವಕ್ಕೆ ಗೆಲ್ಲುವ ಆಸೆ ಕಮರಿತು. 1997ರಲ್ಲಿ ಒಂದೇ ಬಾಗಿಲಿನ ಪಂದ್ಯಾಟ ಕೊನೆಯಾಗಿ, ಮಕ್ಕಳ ಸಂಖ್ಯೆಗೆ ತಕ್ಕಂತೆ ನಾಲ್ಕು ತರಗತಿಗಳಾದವು. ಈಗ ಸಣ್ಣ ಶಾಲೆಗೂ ವರ್ಷಕ್ಕೊಂದು ಕಪ್ಪು ಖಂಡಿತ. ದೊಡ್ಡವರನ್ನು ಆ ಅಂಗಳದಲ್ಲಿ ಎದುರಿಸುವ ಅವಕಾಶ ಮಾತ್ರ ಹೋಯಿತು. ಇದು ನ್ಯಾಯವೋ ನಷ್ಟವೋ ಎಂದು ಅಲ್ಲಿಯವರು ಇನ್ನೂ ಜಗಳಾಡುತ್ತಾರೆ.

ಈ ಜಗಳ ನಮ್ಮದೂ ಹೌದು. ಪ್ರತ್ಯೇಕ ಪಂಕ್ತಿ ಇಲ್ಲದೆ ಭಾಷಾ ಅಲ್ಪಸಂಖ್ಯಾತರು ಉಳಿಯುವುದು ಕಷ್ಟ. ಅಕ್ಷರ ಕಳೆದುಕೊಂಡ ಸೋಮನೂರಿನವನಾಗಿ ಇದನ್ನು ಧೈರ್ಯವಾಗಿ ಹೇಳಬಲ್ಲೆ. ಕಾಸರಗೋಡಿನ ಬಂಧುಗಳಿಗೆ ಕನ್ನಡ ಶಾಲೆಗಳಿವೆ, ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡದ ಪದ್ಯಕ್ಕೂ ಭಾಷಣಕ್ಕೂ ಜಾಗವಿದೆ. ಅದನ್ನು ಬಿಟ್ಟುಕೊಡಿರೆಂದು ಹೇಳುವವನು ನಾನಲ್ಲ. ಆದರೆ ತಮ್ಮ ಪಂಕ್ತಿಯಲ್ಲಿ ಮೊದಲಿಗರಾದ ಮಕ್ಕಳನ್ನು ಅಲ್ಲಿಗೇ ನಿಲ್ಲಿಸುವ ಹಿರಿಯರನ್ನು ಕಂಡರೆ ನನಗೆ ಆಟಕ್ಸ್ ಶಾಲೆ ನೆನಪಾಗುತ್ತದೆ. ಬೇರ್ಪಡಿಸಲೆಂದು ಕಟ್ಟಿದ ಗೋಡೆಯೊಳಗೆ ಬೆಳೆದವರೇ ಅವರು. ಆಡಿದ್ದು ಎಲ್ಲರ ಅಂಗಳದಲ್ಲಿ.

ಅದೇ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಅಲ್ಲಿ ತಂಡ ಕಟ್ಟಿಕೊಂಡು ಬರುವವರು ಕಾಸರಗೋಡಿನವರಷ್ಟೇ ಅಲ್ಲ. ದಕ್ಷಿಣದ ಜಿಲ್ಲೆಗಳ ಮಲಯಾಳಿ ಮಕ್ಕಳು ಕಿರೀಟ ಕಟ್ಟಿ, ಗೆಜ್ಜೆ ತೊಟ್ಟು, ಚೆಂಡೆಗೆ ಹೆಜ್ಜೆ ಹಾಕಿ, ಮನೆಯಲ್ಲಿ ಯಾರೂ ಆಡದ ಕನ್ನಡದಲ್ಲಿ ಅರ್ಥ ಹೇಳುತ್ತಾರೆ; ಕೆಲವು ಸಲ ನಮ್ಮವರಿಗಿಂತ ಮುಂದೆಯೂ ಹೋಗುತ್ತಾರೆ.